ಇರುವ ಠಾವು, ಹೋಗುವ ದಾರಿ

ದಾರಿ ನಡೆಯುವವನಿಗೆ ಎದುರಾಗುವ ಪ್ರಶ್ನೆಗಳು ಎರಡು. ತಾನು ಈಗ ಎಲ್ಲಿದ್ದೇನೆ ಎಂಬುದು ಮೊದಲನೆಯದು. ಇಲ್ಲಿಂದ ಯಾವ ಕಡೆಗೆ ಹೋಗಬೇಕು ಎಂಬುದು ಎರಡನೆಯದು. ಬಯಲುಸೀಮೆಯಲ್ಲಿ ಈ ಪ್ರಶ್ನೆಗಳು ಅಷ್ಟಾಗಿ ಕಾಡುವುದಿಲ್ಲ. ಊರ ಗುಡಿಯ ಗೋಪುರವೋ ಕೆರೆಯ ಏರಿಯೋ ಹರದಾರಿಯ ಆಚೆಯಿಂದಲೇ ಕಣ್ಣಿಗೆ ಬೀಳುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಒಂದು ಗುಡ್ಡವನ್ನು ಇನ್ನೊಂದು ಗುಡ್ಡ ಮರೆಮಾಡುತ್ತದೆ; ಗುಡ್ಡವನ್ನು ಕಾಡು ಮರೆಮಾಡುತ್ತದೆ; ಮಳೆಗಾಲದಲ್ಲಿ ಕಾಡನ್ನೇ ಮಂಜು ಮರೆಮಾಡುತ್ತದೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಎತ್ತರ 1,343 ಮೀಟರು. ಅದರ ನೆತ್ತಿಯಲ್ಲಿ ಮಂಜು ಕವಿದಾಗ ಹತ್ತು ಮಾರು ಮುಂದೆ ನಡೆಯುತ್ತಿರುವ ಸಂಗಾತಿಯೂ ಕಾಣದೆ ಹೋಗುವುದುಂಟು. ಅಂಥಲ್ಲಿ ಒಂದು ಕವಲುದಾರಿಯನ್ನು ತಪ್ಪಿದರೆ ಮುಂದಿರುವುದು ಕಣಿವೆ.

ಹಿಂದಿನವರು ಈ ನಾಡಿನಲ್ಲಿ ಹೇಗೆ ನಡೆದಾಡಿದರು? ಹಳ್ಳ ಹರಿಯುವ ದಿಕ್ಕು, ಸಂಕ ದಾಟುವ ಜಾಗ, ಗುಡ್ಡದ ನೆರಳು, ಗುರುತಿನ ಮರ, ಇವೇ ಅವರಿಗೆ ಭೂಪಟಗಳಾಗಿದ್ದವು. ಇವುಗಳ ಜೊತೆಗೆ ಬರೆದ ಭೂಪಟವೂ ಬಂದಿತು. 1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣಾ ಇಲಾಖೆಯು ದೇಶದ ಗುಡ್ಡಬೆಟ್ಟಗಳನ್ನು ಅಳೆದು ಪಟಗಳಲ್ಲಿ ಮೂಡಿಸಿತು. ಪಟವನ್ನೂ ದಿಕ್ಸೂಚಿಯನ್ನೂ ಬಳಸಬಲ್ಲವನು ಅಪರಿಚಿತ ಕಾಡಿನಲ್ಲಿಯೂ ದಾರಿ ಕಂಡುಕೊಳ್ಳಬಹುದಾಗಿತ್ತು. ಆದರೆ ಅದಕ್ಕೆ ಅಭ್ಯಾಸ ಬೇಕಾಗಿತ್ತು. ಎದುರಿನ ಎರಡು ಗುಡ್ಡಗಳಾದರೂ ಕಣ್ಣಿಗೆ ಕಾಣಬೇಕಾಗಿತ್ತು.

ಈ ತೊಡಕನ್ನು ಆಕಾಶದಿಂದ ಬಿಡಿಸಿದ್ದು ಜಿಪಿಎಸ್. ಅಮೆರಿಕ ದೇಶವು ತನ್ನ ಸೈನ್ಯದ ಉಪಯೋಗಕ್ಕಾಗಿ 1978ರಲ್ಲಿ ಇದರ ಮೊದಲ ಉಪಗ್ರಹವನ್ನು ಹಾರಿಸಿತು. 1995ರ ವೇಳೆಗೆ 24 ಉಪಗ್ರಹಗಳ ವ್ಯವಸ್ಥೆ ಪೂರ್ಣಗೊಂಡಿತು. ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಇದು ಎಲ್ಲರ ಬಳಕೆಗೆ ಒದಗಿತು. ಭಾರತವೂ ಹಿಂದೆ ಉಳಿಯಲಿಲ್ಲ. ಇಸ್ರೋ ಸಂಸ್ಥೆಯು 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿ, ನಾವಿಕ್ ಎಂಬ ನಮ್ಮದೇ ವ್ಯವಸ್ಥೆಯನ್ನು ರೂಪಿಸಿತು. ಅದರ ಸಂಚಾರ ಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಇದರ ತತ್ತ್ವ ಸರಳವಾದುದು. ಸಿಡಿಲು ಹೊಳೆದು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂಬುದರಿಂದ ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ನಾವು ಲೆಕ್ಕ ಹಾಕುವುದಿಲ್ಲವೆ? ಹಾಗೆಯೇ ಇದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹವು ತಾನಿರುವ ಸ್ಥಾನವನ್ನೂ ವೇಳೆಯನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ವೇಗದ ಆ ಅಲೆ ನೆಲವನ್ನು ಮುಟ್ಟಲು ಸೆಕೆಂಡಿನ ಸುಮಾರು ಹದಿನೈದರಲ್ಲಿ ಒಂದು ಭಾಗ ಸಾಕು. ಆ ಅಲ್ಪಕಾಲವನ್ನು ಅಳೆದು ನಮ್ಮ ಕೈಯ ಉಪಕರಣವು ಉಪಗ್ರಹದ ದೂರವನ್ನು ತಿಳಿಯುತ್ತದೆ. ಇಂಥ ಮೂರು ದೂರಗಳಿಂದ ಸ್ಥಾನ ಗೊತ್ತಾಗುತ್ತದೆ. ಉಪಕರಣದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹ ಬೇಕು. ಗಡಿಯಾರವು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರು ತಪ್ಪು ಬರುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ.

ಇಂದು ಈ ಅಲೆಗಳನ್ನು ಹಿಡಿಯುವ ಸಾಧನಗಳು ಮೂರು ರೂಪದಲ್ಲಿ ದೊರೆಯುತ್ತವೆ. ಈ ಕೆಲಸಕ್ಕೆಂದೇ ಮಾಡಿದ, ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ಒಂದು. ಮೊಬೈಲ್ ಫೋನು ಇನ್ನೊಂದು. ಮಣಿಕಟ್ಟಿಗೆ ಕಟ್ಟುವ ಸ್ಮಾರ್ಟ್ ವಾಚು ಮತ್ತೊಂದು. ಟವರಿನ ಸಂಪರ್ಕವಿಲ್ಲದ ಕಡೆ ಮೊಬೈಲಿನ ಜಿಪಿಎಸ್ ಕೆಲಸ ಮಾಡದು ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಉಪಗ್ರಹದ ಅಲೆಗೆ ಟವರಿನ ಹಂಗಿಲ್ಲ. ಟವರು ಇಲ್ಲದಿದ್ದಾಗ ಬಾರದೆ ಹೋಗುವುದು ಸ್ಥಾನವಲ್ಲ, ಭೂಪಟ. ಊರಿನಲ್ಲಿರುವಾಗಲೇ ಪಟವನ್ನು ಫೋನಿಗೆ ಇಳಿಸಿಕೊಂಡಿದ್ದರೆ ಕಾಡಿನ ನಡುವೆಯೂ ಅದು ದಾರಿ ತೋರಿಸುತ್ತದೆ. ಬಯಲಿನಲ್ಲಿ ಸಾಧಾರಣ ಫೋನು ಕೂಡ ಸುಮಾರು 5 ಮೀಟರು ಅಂತರದೊಳಗೆ ಸ್ಥಾನವನ್ನು ಹೇಳಬಲ್ಲದು. ದಟ್ಟ ಕಾನಿನ ಕೆಳಗೆ, ಆಳವಾದ ಕಣಿವೆಯ ಒಳಗೆ ಅಲೆಗಳು ತಡೆಯಲ್ಪಟ್ಟು ಮೂರು ಸಾಧನಗಳೂ ತಪ್ಪುತ್ತವೆ.

ಹಾಗಾದರೆ ವ್ಯತ್ಯಾಸವೆಲ್ಲಿ? ಅದು ಮಳೆಯಲ್ಲಿದೆ, ವಿದ್ಯುತ್ತಿನಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಮಳೆಯಲ್ಲಿ ಬೆರಳಿನ ಸ್ಪರ್ಶದಿಂದ ನಡೆಯುವ ಫೋನಿನ ಪರದೆಯು ನೀರಿನ ಹನಿಯನ್ನೇ ಬೆರಳೆಂದು ಭಾವಿಸಿ ಹೇಳಿದ ಮಾತು ಕೇಳದಾಗುತ್ತದೆ. ಜಿಪಿಎಸ್ ಉಪಕರಣಗಳಲ್ಲಿ ಹೆಚ್ಚಿನವಕ್ಕೆ ಗುಂಡಿಗಳಿವೆ. ನೆನೆದ ಕೈಯಿಂದಲೂ ಒತ್ತಬಹುದು. ಅವುಗಳ ಪರದೆ ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಹಲವು ಮಾದರಿಗಳು ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತವೆ. ಸೆಲ್ಲು ಮುಗಿದರೆ ಚೀಲದಿಂದ ಬೇರೆ ಸೆಲ್ಲು ತೆಗೆದು ಹಾಕಿದರಾಯಿತು. ಫೋನಾದರೋ ಟವರನ್ನು ಹುಡುಕಿ ಹುಡುಕಿಯೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಿಮಾನಯಾನಕ್ಕೆಂದು ಇರಿಸಿರುವ ಸ್ಥಿತಿಗೆ ಅದನ್ನು ತಂದರೆ ಈ ನಷ್ಟ ತಪ್ಪುತ್ತದೆ. ವಾಚು ಕೈಗೆ ಭಾರವಲ್ಲ, ನಡೆದ ದಾರಿಯನ್ನು ತಾನೇ ಬರೆದಿಡುತ್ತದೆ. ಆದರೆ ಅದರ ಪುಟ್ಟ ಮುಖದಲ್ಲಿ ಇಡೀ ಗುಡ್ಡದ ಪಟವನ್ನು ಓದುವುದು ಕಷ್ಟ.

ಇಷ್ಟು ಕೇಳಿ ಜಿಪಿಎಸ್ ಉಪಕರಣವೇ ಎಲ್ಲ ಕಾಲಕ್ಕೂ ಮೇಲೆಂದು ತೀರ್ಮಾನಿಸಬಾರದು. ನಮ್ಮ ಅರಣ್ಯ ಇಲಾಖೆಗಳ ಅನುಭವ ಬೇರೆಯೇ ಪಾಠವನ್ನು ಹೇಳುತ್ತದೆ. ದೇಶದ ಹುಲಿ ಗಣತಿಯಲ್ಲಿ ಸಿಬ್ಬಂದಿಯವರು ಮೊದಲು ಪ್ರಾಣಿಗಳ ಹೆಜ್ಜೆ ಮತ್ತು ಗುರುತುಗಳನ್ನು ಕಾಗದದಲ್ಲಿ ಬರೆದು, ಜಿಪಿಎಸ್ ಉಪಕರಣವನ್ನು ನೋಡಿ ಸ್ಥಾನವನ್ನು ನಮೂದಿಸುತ್ತಿದ್ದರು. 2018ರ ಗಣತಿಯಲ್ಲಿ ಎಂ-ಸ್ಟ್ರೈಪ್ಸ್ ಎಂಬ ಮೊಬೈಲ್ ತಂತ್ರಾಂಶವನ್ನು ಬಳಸಲಾಯಿತು. ಸ್ಥಾನ, ವೇಳೆ, ಚಿತ್ರ, ವಿವರಗಳೆಲ್ಲವೂ ಫೋನಿನಲ್ಲಿ ಒಟ್ಟಿಗೆ ದಾಖಲಾದವು. ಅಂಕಿಗಳನ್ನು ಕೈಯಿಂದ ನಕಲು ಮಾಡುವಾಗ ಆಗುವ ತಪ್ಪುಗಳಿಗೆ ಅವಕಾಶ ಕಡಿಮೆಯಾಯಿತು. ದಾಖಲಿಸುವುದೇ ಮುಖ್ಯವಾದಲ್ಲಿ ಫೋನು ಮೇಲು. ಮಳೆಯಲ್ಲಿ ದಿನವಿಡೀ ದಾರಿ ಕಾಣುವುದೇ ಮುಖ್ಯವಾದಲ್ಲಿ ಜಿಪಿಎಸ್ ಉಪಕರಣ ಮೇಲು. ಯಾವುದು ಉತ್ತಮ ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಬೇಕು.

ಉಪಕರಣ ಯಾವುದೇ ಆಗಲಿ, ಅದರೊಳಗಿನ ಭೂಪಟಕ್ಕೆ ವಯಸ್ಸಿದೆ ಎಂಬುದನ್ನು ಮರೆಯಬಾರದು. ಶರಾವತಿಯ ಹಿನ್ನೀರು ಇದಕ್ಕೆ ಒಳ್ಳೆಯ ನಿದರ್ಶನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಊರುಗಳೂ ದಾರಿಗಳೂ ನೀರಿನ ಪಾಲಾದವು. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಅದು ಮತ್ತೆ ತಲೆಯೆತ್ತುತ್ತದೆ. ಪಟದಲ್ಲಿ ನೀಲಿಯಾಗಿ ಕಾಣುವ ಜಾಗ ಏಪ್ರಿಲ್ ತಿಂಗಳಲ್ಲಿ ನೆಲವಾಗಿರಬಹುದು. ನೆಲವೆಂದು ಕಾಣುವುದು ಆಗಸ್ಟಿನಲ್ಲಿ ನೀರಾಗಿರಬಹುದು. ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯುತ್ತಿದ್ದ ಕಾಲ ಒಂದಿತ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯಿತು. ಅದಕ್ಕೆ ಮೊದಲು ಇಳಿಸಿಟ್ಟುಕೊಂಡ ಪಟಕ್ಕೆ ಈ ಸೇತುವೆಯ ಮೇಲೆ ವಾಹನ ಓಡುತ್ತಿರುವ ಸಂಗತಿ ತಿಳಿದಿರುವುದಿಲ್ಲ. ಆ ಪಟದ ಮೇಲೆ ನಮ್ಮ ಸ್ಥಾನವನ್ನು ಉಪಗ್ರಹ ಸರಿಯಾಗಿಯೇ ತೋರಿಸುತ್ತದೆ. ನೀರಿನ ನಡುವೆ ನಾವು ಚಲಿಸುತ್ತಿರುವಂತೆ ಕಂಡರೆ ತಪ್ಪು ಪಟದ್ದು.

ಇನ್ನೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಅಲ್ಲಿಯ ಸಂಶೋಧಕರು ಕಾಳಿಂಗ ಸರ್ಪದ ದೇಹದೊಳಗೆ ಪುಟ್ಟ ರೇಡಿಯೋ ಪ್ರೇಷಕವನ್ನು ಇರಿಸಿ, ಅದರ ಸಂಕೇತವನ್ನು ಅನುಸರಿಸಿ ಅದರ ಸಂಚಾರವನ್ನು ಅಭ್ಯಸಿಸಲು ಆರಂಭಿಸಿದರು. ಅಷ್ಟು ದಟ್ಟ ಕಾಡಿನಲ್ಲಿಯೂ ಆ ಹಾವನ್ನು ಹುಡುಕಲು ಸಾಧ್ಯವಾದುದು ಅದರ ಬಳಿ ಸಂಕೇತವನ್ನು ಕಳುಹಿಸುವ ಸಾಧನವಿದ್ದುದರಿಂದ. ಸಾಧಾರಣ ಜಿಪಿಎಸ್ ಉಪಕರಣವು ಸಂಕೇತವನ್ನು ಪಡೆಯುತ್ತದೆಯೇ ಹೊರತು ಕಳುಹಿಸುವುದಿಲ್ಲ. ಅದನ್ನು ಹಿಡಿದವನಿಗೆ ತಾನೆಲ್ಲಿದ್ದೇನೆಂದು ತಿಳಿದಿರುತ್ತದೆ; ಊರಿನಲ್ಲಿ ಕಾಯುತ್ತಿರುವ ತಾಯಿಗೆ ತಿಳಿಯುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣಗಳು ಬೇರೆ ಇವೆ. ಸರ್ಕಾರದ ಅನುಮತಿಯಿಲ್ಲದೆ ಅವನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂಬುದನ್ನು ಹೊರಡುವ ಮುನ್ನ ಮನೆಯವರಿಗೆ ಹೇಳುವುದು ಇಂದಿಗೂ ತಪ್ಪದ ಕರ್ತವ್ಯ. ಟವರು ಸಿಗುವ ಎತ್ತರದ ಜಾಗದಲ್ಲಿ 112 ಸಂಖ್ಯೆಗೆ ಕರೆ ಮಾಡಲು ಫೋನಿನಲ್ಲಿ ಶಕ್ತಿ ಉಳಿದಿರುವುದೂ ಅಷ್ಟೇ ಅಗತ್ಯ.

ಇವೆಲ್ಲವನ್ನೂ ತೂಗಿ ನೋಡಿದರೆ ಆಯ್ಕೆಯ ಸೂತ್ರ ತಾನಾಗಿ ತಿಳಿಯುತ್ತದೆ. ಜಿಪಿಎಸ್ ಉಪಕರಣದ ಬೆಲೆ ಹೆಚ್ಚು. ಫೋನು ಈಗಾಗಲೇ ಬಹುತೇಕ ಮನೆಗಳಲ್ಲಿದೆ. ಒಂದು ಹಗಲಿನ ಪರಿಚಿತ ದಾರಿಗೆ, ಪಟವನ್ನು ಇಳಿಸಿಕೊಂಡು ಪ್ಲಾಸ್ಟಿಕ್ಕಿನ ಚೀಲದಲ್ಲಿ ಜೋಪಾನ ಮಾಡಿದ ಫೋನೇ ಸಾಕು. ಕಾಡಿನಲ್ಲಿ ಹಲವು ದಿನ ದುಡಿಯುವವರಿಗೆ ಜಿಪಿಎಸ್ ಉಪಕರಣ ಬೇಕು. ಆಗಲೂ ಫೋನನ್ನು ಆಪತ್ಕಾಲಕ್ಕೆಂದು ಮುಚ್ಚಿಡಬೇಕು. ಒಂದು ಸಾಧನ ಕೆಟ್ಟಾಗ ಅದರೊಡನೆ ಕೆಡದ ಇನ್ನೊಂದು ಜೊತೆಗಿರಬೇಕು. ಕಾಗದದ ಪಟ ಮತ್ತು ದಿಕ್ಸೂಚಿಗಳಿಗೆ ವಿದ್ಯುತ್ತು ಬೇಡ.

ಕೊನೆಯದಾಗಿ, ಆರಂಭದ ಎರಡು ಪ್ರಶ್ನೆಗಳಲ್ಲಿ ಈ ಸಾಧನಗಳು ಪೂರ್ಣವಾಗಿ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಸೇರಬೇಕಾದ ಊರು ಅರ್ಧ ಕಿಲೋಮೀಟರು ದೂರದಲ್ಲಿದೆ ಎಂದು ಯಂತ್ರವು ನೇರ ಗೆರೆ ಎಳೆದು ತೋರಿಸಬಹುದು. ನಡುವೆ ತುಂಬಿ ಹರಿಯುವ ಹಳ್ಳವನ್ನು ದಾಟಬಹುದೇ, ಮಳೆ ನಿಲ್ಲುವವರೆಗೆ ಕಾಯಬೇಕೇ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕೇ ಎಂಬುದನ್ನು ನಿರ್ಧರಿಸಬೇಕಾದವನು ಮನುಷ್ಯ. ಆ ಹಳ್ಳ ಯಾವ ತಿಂಗಳಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನು ಅದರ ದಂಡೆಯಲ್ಲಿ ಗದ್ದೆ ಮಾಡುವವರು ಬಲ್ಲರು. ಒಂದು ಕ್ಷಣ ನಿಂತು ಅವರನ್ನು ವಿಚಾರಿಸುವ ವಿನಯವೂ ಪ್ರಯಾಣದ ಸಿದ್ಧತೆಗಳಲ್ಲಿ ಸೇರಿದೆ.

ಪ್ರಶ್ನೆಗಳು

1. ಸ್ಥಾನವನ್ನು ತಿಳಿಯಲು ನಾಲ್ಕು ಉಪಗ್ರಹಗಳು ಏಕೆ ಬೇಕು?
2. ಮಲೆನಾಡಿನ ಮಳೆಯಲ್ಲಿ ಫೋನಿಗಿಂತ ಜಿಪಿಎಸ್ ಉಪಕರಣ ಹೇಗೆ ಅನುಕೂಲ?
3. ಕಾಳಿಂಗ ಸರ್ಪದ ನಿದರ್ಶನದಿಂದ ಲೇಖಕರು ಯಾವ ಅಂಶವನ್ನು ತಿಳಿಸಿದ್ದಾರೆ?
4. ನಿಮ್ಮ ಊರಿನ ಸುತ್ತ ಋತುವಿಗೆ ತಕ್ಕಂತೆ ಬದಲಾಗುವ ದಾರಿಗಳನ್ನು ಹಿರಿಯರಿಂದ ಕೇಳಿ ತಿಳಿದು, ಒಂದು ಪಟವನ್ನು ಬರೆಯಿರಿ.