ಕಾವಲು ನಾಯಿಗಳ ಕುಡಿಯುವ ನೀರು

ಬೆಳಗಾವಿ-ಖಾನಾಪುರ ರಸ್ತೆಯ ಮಚ್ಛೆ ಮುಂತಾದ ಊರುಗಳಲ್ಲಿ ಹೊಲಮನೆ ಕಾಯುವ ನಾಯಿಗಳಿಗೆ ಅಂಗಳದ ಕಲ್ಲುದೋಣಿಯಲ್ಲಿ ನೀರಿಡುವುದುಂಟು. ಮಳೆಗಾಲ ಕಳೆದು ಬಿಸಿಲೇರಿದೊಡನೆ ಆ ನೀರು ಹಸಿರಾಗುವುದು. ಪಾಚಿಗೆ ಬೆಳಕೂ ಆಹಾರವೂ ಬೇಕು. ನಾಯಿಯ ಜೊಲ್ಲು, ರೊಟ್ಟಿಯ ಚೂರು, ಉದುರಿದ ಎಲೆ ಇವೇ ಅದಕ್ಕೆ ಗೊಬ್ಬರ. ಆದುದರಿಂದ ದೋಣಿಯನ್ನು ಮರದಡಿಯಲ್ಲಲ್ಲ, ಸೂರಿನ ನೆರಳಿನಲ್ಲಿ, ಕೂಳಿನ ಪಾತ್ರೆಯಿಂದ ದೂರ ಇಡತಕ್ಕದ್ದು.

ಹಳೆಯ ನೀರಿನ ಮೇಲೆಯೇ ಹೊಸದನ್ನು ಸುರಿಯುವ ರೂಢಿಯಿಂದ ಫಲವಿಲ್ಲ. ಪಾಚಿಯ ಮೂಲವಿರುವುದು ದೋಣಿಯ ಒಳಮೈಯ ಲೋಳೆಯಲ್ಲಿ. ದಿನಾಲು ನೀರನ್ನೆಲ್ಲ ಚೆಲ್ಲಿ ತುಂಬಬೇಕು. ವಾರಕ್ಕೆರಡು ಸಲ ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಒಣಗಿಸಬೇಕು. ಸೊಳ್ಳೆಯ ಮರಿಗಳೂ ಇದರಿಂದ ನಾಶವಾಗುವುವು. ಕೆಲವರು ಮೈಲುತುತ್ತ ಹಾಕುವರು. ಕುಡಿಯುವ ನೀರಿಗೆ ಅದು ಸಲ್ಲದು, ನಾಯಿಗೂ ಅದು ವಿಷವೇ.

ದೋಣಿಯಲ್ಲಿ ಒಳ್ಳೆಯ ನೀರಿಲ್ಲದ ನಾಯಿ ಕೆರೆಗೆ ಹೋಗುವುದು. ಅಪಾಯವಿರುವುದು ಅಲ್ಲಿಯೇ. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಕೆನೆಗಟ್ಟುವ ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷಕಾರಿಗಳು. ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆಯನ್ನು ಕುಡಿದ ಕುರಿ, ಕುದುರೆ, ನಾಯಿಗಳು ಕೆಲವೇ ತಾಸುಗಳಲ್ಲಿ ಸತ್ತುದು 1878ರಲ್ಲಿ ವರದಿಯಾಯಿತು. ಕೆನೆ ಕಂಡ ಕೆರೆಗೆ ದನಗಳನ್ನು ಬಿಡದಂತೆ ಊರಲ್ಲಿ ಡಂಗುರ ಸಾರಿಸುವುದು ಯುಕ್ತ. ಅಂಥ ನೀರಿಗಿಳಿದ ನಾಯಿಯನ್ನು, ಅದು ಮೈ ನೆಕ್ಕುವ ಮುನ್ನವೇ, ಶುದ್ಧ ನೀರಿನಿಂದ ತೊಳೆಯಬೇಕು. ವಾಂತಿ, ನಡುಕಗಳು ತೋರಿದರೆ ಒಡನೆ ಪಶುವೈದ್ಯರಲ್ಲಿಗೆ ಒಯ್ಯಬೇಕು.