ವೇಗದ ಡಿಸ್ಕಿಗೆ ಹೆಚ್ಚು ಬೆಲೆ ತೆರಬಹುದೆ?

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಹನ್ನೆರಡು ಯಂತ್ರಗಳ ಡಿಸ್ಕುಗಳನ್ನು ಬದಲಾಯಿಸಬೇಕಾಗಿ ಬಂದಿತು. ಸಂಘದವರು ಅದಕ್ಕೆಂದು ಹಣವನ್ನು ಒದಗಿಸಿಕೊಟ್ಟರು. ಅಂಗಡಿಯಲ್ಲಿ ವಿಚಾರಿಸಿದಾಗ ಒಂದೇ ಕೆಲಸವನ್ನು ಮಾಡುವ ನಾಲ್ಕು ಬಗೆಯ ಡಿಸ್ಕುಗಳನ್ನು ನಮ್ಮ ಮುಂದಿಟ್ಟರು. ಒಂದಕ್ಕಿಂತ ಒಂದು ವೇಗ. ಒಂದಕ್ಕಿಂತ ಒಂದು ತುಟ್ಟಿ. ಊರವರು ನೂರು ಇನ್ನೂರಾಗಿ ಕೂಡಿಸಿಕೊಟ್ಟ ಹಣವಾದುದರಿಂದ ಲೆಕ್ಕ ನೋಡದೆ ಕೊಳ್ಳುವಂತಿರಲಿಲ್ಲ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಲೆಂದು ಇದೇ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವ ರಕ್ಷಕರೂ ಅನೇಕರಿರುವರು. ಆದಕಾರಣ ನಾವು ಹಾಕಿದ ಲೆಕ್ಕವನ್ನು ಇಲ್ಲಿ ವಿವರಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಮೊದಲು ಡಿಸ್ಕು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಅಜ್ಜನ ಮನೆಯ ಗ್ರಾಮಫೋನನ್ನು ಕಂಡವರಿಗೆ ಇದು ಕಷ್ಟವಲ್ಲ. ಹಾರ್ಡ್ ಡಿಸ್ಕಿನ ಒಳಗೂ ತಿರುಗುವ ತಟ್ಟೆಯಿದೆ, ಅದರ ಮೇಲೆ ಅತ್ತಿತ್ತ ಚಲಿಸುವ ತೋಳಿದೆ. ಹಳೆಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. 1956ರಲ್ಲಿ ಐ.ಬಿ.ಎಂ. ಕಂಪೆನಿಯವರು ಹೊರತಂದ ಮೊತ್ತಮೊದಲ ಡಿಸ್ಕು ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಅವು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಸಾಮಾನ್ಯ ಡಿಸ್ಕು 5,400 ಸುತ್ತು ತಿರುಗಿದರೆ, ಅದಕ್ಕಿಂತ ವೇಗದ್ದು 7,200 ಸುತ್ತು ತಿರುಗುವುದು. ಮೂರನೆಯ ಬಗೆಯಾದ ಎಸ್.ಎಸ್.ಡಿ.ಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ವಿಷಯವೆಲ್ಲವೂ ವಿದ್ಯುತ್ತಿನ ರೂಪದಲ್ಲಿ ಚಿಪ್ಪಿನೊಳಗೆ ಅಡಗಿರುತ್ತದೆ. ನಾಲ್ಕನೆಯದು ಅದೇ ಜಾತಿಯ ಇನ್ನೂ ತೀವ್ರಗಾಮಿಯಾದ ಎನ್.ವಿ.ಎಂ.ಇ. ಎಂಬುದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಎರಡು ಯಂತ್ರಗಳಿಗೆ 7,200 ಸುತ್ತಿನ ಡಿಸ್ಕುಗಳನ್ನು ಹೆಚ್ಚು ಬೆಲೆ ಕೊಟ್ಟು ಹಾಕಿಸಿದ್ದೆವು. 5,400ಕ್ಕಿಂತ 7,200 ಎಂದರೆ ಮೂರನೆಯ ಒಂದು ಪಾಲು ಹೆಚ್ಚು ವೇಗವಷ್ಟೆ? ಕಾಯುವ ಹೊತ್ತೂ ಅದಕ್ಕೆ ತಕ್ಕಂತೆ ಇಳಿಯುವುದೆಂದು ನಂಬಿದ್ದೆವು. ಇಳಿಯಲಿಲ್ಲ. ಏಕೆಂಬುದನ್ನು ಎಂಟನೆಯ ತರಗತಿಯವರೂ ಲೆಕ್ಕಮಾಡಿ ನೋಡಬಹುದು.

ಡಿಸ್ಕಿನಿಂದ ಒಂದು ತುಣುಕನ್ನು ಓದಬೇಕಾದರೆ ಮೊದಲು ತೋಳು ಸರಿಯಾದ ಜಾಗಕ್ಕೆ ಚಲಿಸಬೇಕು. ಆಮೇಲೆ ಬೇಕಾದ ಭಾಗವು ತೋಳಿನ ಕೆಳಗೆ ತಿರುಗಿ ಬರುವ ತನಕ ಕಾಯಬೇಕು. ತೋಳಿನ ಚಲನೆಗೆ ಸೆಕೆಂಡಿನ ಸಾವಿರದಲ್ಲಿ 10 ಪಾಲು ಹಿಡಿಯುವುದೆಂದು ಇಟ್ಟುಕೊಳ್ಳೋಣ. ತಟ್ಟೆಯ ಸರಾಸರಿ ಕಾಯುವಿಕೆ ಅರ್ಧ ಸುತ್ತು. 5,400 ಸುತ್ತಿನದಕ್ಕೆ ಅದು ಸಾವಿರದಲ್ಲಿ ಸುಮಾರು 5.6 ಪಾಲು, 7,200ರದಕ್ಕೆ ಸುಮಾರು 4.2 ಪಾಲು. ಒಟ್ಟು ಒಂದಕ್ಕೆ 15.6, ಇನ್ನೊಂದಕ್ಕೆ 14.2. ಹೀಗೆ 10,000 ತುಣುಕುಗಳನ್ನು ಓದಲು ಮೊದಲನೆಯದಕ್ಕೆ 156 ಸೆಕೆಂಡು, ಎರಡನೆಯದಕ್ಕೆ 142 ಸೆಕೆಂಡು. ಉಳಿದುದು ಕೇವಲ 14 ಸೆಕೆಂಡು. ತಟ್ಟೆಯ ವೇಗ ಹೆಚ್ಚಿತು ನಿಜ. ತೋಳು ಮಾತ್ರ ಮೊದಲಿನ ತೋಳೇ. ಎಸ್.ಎಸ್.ಡಿ.ಯಲ್ಲಿ ಈ ಎರಡು ಕಾಯುವಿಕೆಗಳೂ ಇಲ್ಲದಿರುವುದರಿಂದ ಅಷ್ಟೇ ತುಣುಕುಗಳಿಗೆ ಒಂದೆರಡು ಸೆಕೆಂಡು ಸಾಕು.

ಯಂತ್ರಕ್ಕೆ ಇಷ್ಟೊಂದು ಸಣ್ಣ ತುಣುಕುಗಳು ಏತಕ್ಕೆ ಎಂದು ಕೇಳಬಹುದು. ಮದುವೆ ಮನೆಯ ಉಗ್ರಾಣವನ್ನು ನೆನೆಯಿರಿ. ಅಡುಗೆಯವರು ಅಕ್ಕಿಯ ಮೂಟೆಯನ್ನು ಕೇಳಿದರೆ ಉಗ್ರಾಣಿಗೆ ಒಂದೇ ನಡೆ. ಚಿಟಿಕೆ ಸಾಸಿವೆ, ಚಿಟಿಕೆ ಜೀರಿಗೆ, ನಾಲ್ಕು ಮೆಣಸು ಎಂದು ಒಂದೊಂದಾಗಿ ಕೇಳಿದರೆ ನೂರು ನಡೆ. ಕಂಪ್ಯೂಟರು ಬೆಳಗ್ಗೆ ಎಚ್ಚರಗೊಳ್ಳುವಾಗ ಕೇಳುವುದು ಮೂಟೆಯನ್ನಲ್ಲ, ಚಿಟಿಕೆಗಳನ್ನು.

ಆದರೆ ಲೆಕ್ಕವು ಪುಸ್ತಕದಲ್ಲಿ ಸರಿಯಾದರೆ ಸಾಲದು. ಒಂದು ಯಂತ್ರಕ್ಕೆ ಎರವಲು ತಂದ ಎಸ್.ಎಸ್.ಡಿ.ಯನ್ನು ಹಾಕಿ, ಹತ್ತನೆಯ ತರಗತಿಯ ನಾಲ್ವರ ಕೈಗೆ ಗಡಿಯಾರ ಕೊಟ್ಟು ಕೂರಿಸಿದೆವು. ಹಳೆಯ ಡಿಸ್ಕಿನ ಯಂತ್ರ ಕೆಲಸಕ್ಕೆ ಸಿದ್ಧವಾಗಲು 3 ನಿಮಿಷ 40 ಸೆಕೆಂಡು, 7,200ರದ್ದು 3 ನಿಮಿಷ 20 ಸೆಕೆಂಡು, ಎಸ್.ಎಸ್.ಡಿ. 45 ಸೆಕೆಂಡು. ಬರವಣಿಗೆಯ ತಂತ್ರಾಂಶ, ಚಿತ್ರದ ತಂತ್ರಾಂಶಗಳನ್ನು ತೆರೆಯುವ ಹೊತ್ತನ್ನೂ ಕೂಡಿಸಿದರೆ 40 ನಿಮಿಷಗಳ ಒಂದು ಪೀರಿಯಡ್ಡಿನಲ್ಲಿ ನಾಲ್ಕು ನಿಮಿಷ ಉಳಿಯಿತು. ವಾರಕ್ಕೆ ಎರಡು ಪೀರಿಯಡ್ಡಿನಂತೆ ಮೂವತ್ತು ವಾರಗಳಿಗೆ 240 ನಿಮಿಷ, ಎಂದರೆ ಒಬ್ಬ ವಿದ್ಯಾರ್ಥಿಗೆ ವರ್ಷದಲ್ಲಿ ಆರು ಪೂರ್ಣ ಪೀರಿಯಡ್ಡು. ಎಸ್.ಎಸ್.ಎಲ್.ಸಿ.ಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೆ ಮುನ್ನ ಆರು ಪೀರಿಯಡ್ಡು ಹೆಚ್ಚು ದೊರಕಬೇಕೆಂದು ನಮ್ಮ ಅಧ್ಯಾಪಕರು ಎಷ್ಟು ಸಲ ಗೋಗರೆದಿಲ್ಲ!

ಗಡಿಯಾರ ಇನ್ನೊಂದನ್ನೂ ತೋರಿಸಿತು. ಕನ್ನಡದಲ್ಲಿ ಒಂದು ಪುಟವನ್ನು ಬೆರಳಚ್ಚು ಮಾಡಲು ಎರಡೂ ಯಂತ್ರಗಳಲ್ಲಿ ಒಂದೇ ಹೊತ್ತು ಹಿಡಿಯಿತು. ಅಲ್ಲಿ ನಿಧಾನವಿದ್ದುದು ಬೆರಳಿನಲ್ಲಿ. ಅಂತರಜಾಲದ ಪುಟ ತೆರೆಯುವುದರಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದಕ್ಕೆ ಕಾರಣ ತಂತಿಯ ವೇಗ. ಅಮೆರಿಕದ ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ 1967ರಲ್ಲಿ, ಹಲವು ಪ್ರೊಸೆಸರುಗಳನ್ನು ಕೂಡಿಸಿ ವೇಗ ಪಡೆಯುವ ಪ್ರಯತ್ನದ ವಿಷಯವಾಗಿ ಇಂಥದೇ ವಿಚಾರವನ್ನು ಮಂಡಿಸಿದರು: ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ, ಚುರುಕಾಗದೆ ಉಳಿದ ಭಾಗವೇ ಒಟ್ಟು ಲಾಭಕ್ಕೆ ಮಿತಿಯನ್ನು ಹಾಕುತ್ತದೆ. ನಮ್ಮ ಮನೆಯಿಂದ ಬಸ್ಸಿನ ತಾಣಕ್ಕೆ ಒಂದು ಗಂಟೆ ನಡೆದು, ಅರ್ಧ ಗಂಟೆ ಬಸ್ಸಿನಲ್ಲಿ ಹೋಗುವವರಿಗೆ ಬಸ್ಸಿನ ವೇಗ ಇಮ್ಮಡಿಯಾದರೂ ಉಳಿಯುವುದು ಕಾಲು ಗಂಟೆಯೇ.

ನಾಲ್ಕನೆಯ ಬಗೆಯನ್ನು ಬಿಟ್ಟುದೂ ಇದೇ ಕಾರಣದಿಂದ. ಸಾಮಾನ್ಯ ಎಸ್.ಎಸ್.ಡಿ. ಸೆಕೆಂಡಿಗೆ ಸುಮಾರು 550 ಮೆಗಾಬೈಟು ಓದಿದರೆ ಎನ್.ವಿ.ಎಂ.ಇ. 3,500ನ್ನೂ ಮೀರಬಲ್ಲದು. ಪೆಟ್ಟಿಗೆಯ ಮೇಲಿನ ಆ ಅಂಕೆ ಸುಳ್ಳಲ್ಲ. ದೊಡ್ಡ ದೊಡ್ಡ ಚಲನಚಿತ್ರಗಳನ್ನು ಸಂಕಲಿಸುವವರಿಗೆ ಅದು ಬೇಕಾದೀತು. ನಮ್ಮಲ್ಲಿಯ 45 ಸೆಕೆಂಡುಗಳಲ್ಲಿ ಹೆಚ್ಚಿನ ಪಾಲು ಡಿಸ್ಕಿನದಲ್ಲದೆ ಪ್ರೊಸೆಸರಿನದು. ಮೇಲಾಗಿ ನಮ್ಮ ಹಳೆಯ ಯಂತ್ರಗಳಲ್ಲಿ ಅದನ್ನು ಕೂರಿಸುವ ಜಾಗವೇ ಇಲ್ಲ.

ರಕ್ಷಕರಿಗೆ ಒಂದು ಮಾತು. ಡಿಸ್ಕಿನ ವೇಗವನ್ನು ವಿಚಾರಿಸುವ ಮೊದಲು ರ‍್ಯಾಮ್ ಎಷ್ಟಿದೆಯೆಂದು ವಿಚಾರಿಸಿರಿ. ಅಡುಗೆಯವರ ಮಣೆ ಚಿಕ್ಕದಾದರೆ ಸಾಮಾನನ್ನು ಮತ್ತೆ ಮತ್ತೆ ಉಗ್ರಾಣಕ್ಕೆ ಕಳಿಸಿ ಮತ್ತೆ ಮತ್ತೆ ತರಿಸಬೇಕಾಗುತ್ತದೆ. ನಮ್ಮ ಪರಿಚಿತರೊಬ್ಬರು ಅತಿ ವೇಗದ ಡಿಸ್ಕಿರುವ ಲ್ಯಾಪ್‌ಟಾಪನ್ನು ಕೊಂಡರು. ರ‍್ಯಾಮ್ ಮಾತ್ರ 4 ಜಿ.ಬಿ. ಮಗಳು ನಾಲ್ಕು ಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರ ತಡವರಿಸುತ್ತದೆ. ಆ ಹೆಚ್ಚಿನ ಹಣದಲ್ಲಿ 8 ಜಿ.ಬಿ. ರ‍್ಯಾಮನ್ನೂ ಸಾಮಾನ್ಯ ಎಸ್.ಎಸ್.ಡಿ.ಯನ್ನೂ ಪಡೆಯಬಹುದಿತ್ತು.

ಕೊನೆಗೆ ಹನ್ನೆರಡು ಯಂತ್ರಗಳಿಗೂ ಎಸ್.ಎಸ್.ಡಿ.ಯನ್ನೇ ಕೊಂಡೆವು, ಆದರೆ 1,000 ಜಿ.ಬಿ.ಯದನ್ನಲ್ಲ, 250 ಜಿ.ಬಿ.ಯದನ್ನು. ಮಕ್ಕಳ ಪಾಠಗಳೂ ತಂತ್ರಾಂಶಗಳೂ ಕೂಡಿ 60 ಜಿ.ಬಿ.ಯನ್ನು ಮೀರಿರಲಿಲ್ಲ. ಹೀಗೆ ವೇಗದ ಬೆಲೆಯನ್ನು ನಮಗೆ ಬೇಡದಿದ್ದ ಜಾಗವನ್ನು ಬಿಟ್ಟುಕೊಟ್ಟು ತೆತ್ತಂತಾಯಿತು. ಸಂಘದ ಹಣದಲ್ಲಿ ಸ್ವಲ್ಪ ಉಳಿಯಿತು ಕೂಡ.

ಉಳಿದ ಹಣದಲ್ಲಿ ಕಾರ್ಯಾಲಯಕ್ಕೆ 5,400 ಸುತ್ತಿನ, 4,000 ಜಿ.ಬಿ.ಯ ದೊಡ್ಡ ಡಿಸ್ಕೊಂದನ್ನು ತಂದೆವು. ಎರಡು ವರ್ಷಗಳ ಹಿಂದೆ ಕಾರ್ಯಾಲಯದ ಯಂತ್ರದ ಡಿಸ್ಕು ನಿಂತುಹೋದಾಗ ಮೂರು ವಾರ್ಷಿಕೋತ್ಸವಗಳ ಚಿತ್ರಗಳೂ ಹಳೆ ವಿದ್ಯಾರ್ಥಿಗಳ ಪಟ್ಟಿಯೂ ನಮ್ಮ ಕೈಬಿಟ್ಟು ಹೋದುದನ್ನು ಮರೆಯಲಾಗಿಲ್ಲ. ಎರಡನೆಯ ಪ್ರತಿ ಎಲ್ಲಿಯೂ ಇರಲಿಲ್ಲ. ಈಗ ಉಳಿದೆಲ್ಲ ದಾಖಲೆಗಳ ಪ್ರತಿಯನ್ನು ಹೊಸ ಡಿಸ್ಕಿಗೆ ಇಳಿಸಿದ್ದೇವೆ. ಇಳಿಸುವುದಕ್ಕೆ ಒಂದು ರಾತ್ರಿಯಿಡೀ ಹಿಡಿಯಿತು. ಆ ರಾತ್ರಿ ಅದಕ್ಕಾಗಿ ಕಾದು ಕುಳಿತವರು ಯಾರೂ ಇರಲಿಲ್ಲ.