ಸುಳಿಯೊಳಗಣ ಗಣಿತ

ಮಳೆಗಾಲದಲ್ಲಿ ಕೋರದ ಸುತ್ತಿನ ಸೀಮೆಯ ಕೆರೆಯೊಂದು ಕೋಡಿ ಬಿದ್ದಾಗ ವಿದ್ಯಾರ್ಥಿಗಳು ನಿಂತು ನೋಡಬೇಕು. ಕೋಡಿಯ ಕಲ್ಲನ್ನು ದಾಟಿದ ನೀರು ಕೆಳಗೆ ಬಿದ್ದೊಡನೆ ಸುಳಿಸುಳಿಯಾಗಿ, ನೊರೆನೊರೆಯಾಗಿ ಹೊರಳುತ್ತದೆ. ಅಲ್ಲಿ ಎರಡು ಹೊಂಗೆಯೆಲೆಗಳನ್ನು ಒಂದೇ ಎಡೆಯಲ್ಲಿ ಬಿಟ್ಟರೂ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಂತಹ ಹರಿವಿಗೆ ಪ್ರಕ್ಷುಬ್ಧ ಪ್ರವಾಹವೆಂದು ಹೆಸರು.

ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು 1883ರಲ್ಲಿ ಗಾಜಿನ ನಳಿಗೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ವೇಗ ಹೆಚ್ಚಿದಂತೆ ಅದು ಚದುರುವುದನ್ನು ತೋರಿಸಿದರು. 1895ರಲ್ಲಿ ಅವರು ವೇಗವನ್ನು ಸರಾಸರಿ, ಏರಿಳಿತ ಎಂದು ಎರಡಾಗಿ ವಿಂಗಡಿಸಿದರು. ಆದರೆ ಸಮೀಕರಣಗಳ ಸರಾಸರಿ ತೆಗೆದೊಡನೆ ಹೊಸ ಅವ್ಯಕ್ತಗಳು ಹುಟ್ಟುತ್ತವೆ. ಸಮೀಕರಣಗಳಿಗಿಂತ ಅವ್ಯಕ್ತಗಳೇ ಹೆಚ್ಚಾಗುತ್ತವೆ. ಈ ತೊಡಕು ಇಂದಿಗೂ ಪೂರ್ಣವಾಗಿ ಬಿಡಿಸಲ್ಪಟ್ಟಿಲ್ಲ.

ಇಲ್ಲಿ ನೆರವಿಗೆ ಬಂದುದು ಯಾದೃಚ್ಛಿಕ ಪ್ರಕ್ರಿಯೆಗಳ ಗಣಿತ. 'ಯದೃಚ್ಛಾ' ಎಂದರೆ ಆಕಸ್ಮಿಕ. ಆಕಸ್ಮಿಕವಾದುದಕ್ಕೆ ನಿಯಮವುಂಟೇ? ಉಂಟೆಂದು 1921ರಲ್ಲಿ ಜಿ. ಐ. ಟೇಲರ್ ತೋರಿಸಿದರು. ಪ್ರವಾಹದ ಕಣವು ತನ್ನ ಹಿಂದಿನ ಕ್ಷಣದ ವೇಗವನ್ನು ಕೆಲಹೊತ್ತು ಉಳಿಸಿಕೊಂಡಿರುತ್ತದೆ; ಬರಬರುತ್ತ ಆ ನೆನಪು ಅಳಿಯುತ್ತದೆ. ಆದುದರಿಂದ ಕಣಸಮೂಹದ ಹರವು ಮೊದಲು ಕಾಲಕ್ಕೆ ಅನುಗುಣವಾಗಿಯೂ, ಅನಂತರ ಕಾಲದ ವರ್ಗಮೂಲಕ್ಕೆ ಅನುಗುಣವಾಗಿಯೂ ಬೆಳೆಯುತ್ತದೆ. ಕಾಲವು ನಾಲ್ಮಡಿಯಾದರೆ ಮೊದಲಲ್ಲಿ ಹರವೂ ನಾಲ್ಮಡಿ. ಕಡೆಗೆ ಇಮ್ಮಡಿ ಮಾತ್ರ.

ಇದು ಬರಿಯ ಪಂಡಿತವಿನೋದವಲ್ಲ. ಕೋರಕ್ಕೆ ಸಮೀಪದ ವಸಂತನರಸಾಪುರದಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಎಲ್ಲಿಯೇ ಆಗಲಿ, ಚಿಮಣಿಯ ಹೊಗೆಯು ಜನವಸತಿಯನ್ನು ಮುಟ್ಟುವ ವೇಳೆಗೆ ಎಷ್ಟು ತೆಳುವಾಗಿರುತ್ತದೆ, ಚಿಮಣಿ ಎಷ್ಟು ಎತ್ತರವಿರಬೇಕು ಎಂಬ ಲೆಕ್ಕಕ್ಕೆ ಇಂತಹ ಗಣಿತವೇ ಆಧಾರ. ಲೆಕ್ಕ ತಪ್ಪಿದರೆ ಉಸಿರಾಡುವವರಿಗೆ ಕೇಡು.

ಈ ಶಾಸ್ತ್ರಕ್ಕೆ ಕನ್ನಡ ನಾಡಿನ ಕಾಣಿಕೆಯೂ ಸಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ (1933–2020) ಅವರು ನರಹರಿ ರಾವ್, ಬದರಿ ನಾರಾಯಣನ್ ಅವರೊಡನೆ 1971ರಲ್ಲಿ ಮಹತ್ತ್ವದ ಪ್ರಬಂಧವೊಂದನ್ನು ಪ್ರಕಟಿಸಿದರು. ಗೋಡೆಯ ಬಳಿಯ ಪ್ರವಾಹದಲ್ಲಿ ಆಗಾಗ ಸಿಡಿತಗಳು ಏಳುತ್ತವೆ. ಅವುಗಳ ನಡುವಣ ಸರಾಸರಿ ಅಂತರವನ್ನು ನಿರ್ಧರಿಸುವುದು ಗೋಡೆಯ ಸಮೀಪದ ಸ್ಥಿತಿಯಲ್ಲ, ಇಡಿಯ ಪದರದ ದಪ್ಪವೂ ಹೊರಗಣ ವೇಗವೂ ಎಂದು ಅವರು ಕಂಡುಕೊಂಡರು.

ಒಂದೊಂದು ಎಲೆಯ ದಾರಿಯನ್ನು ಗಣಿತವು ಹೇಳಲಾರದು. ಸಾವಿರ ಎಲೆಗಳ ಹರವನ್ನು ಹೇಳಬಲ್ಲದು. ತಿಳಿಯಲಾಗದುದರ ಎಲ್ಲೆಯನ್ನು ಗುರುತಿಸಿಕೊಂಡು, ತಿಳಿಯಬಹುದಾದುದನ್ನು ಬಿಡದೆ ಅರಸುವುದೇ ವಿದ್ಯೆ.